ಗುರಿ ಮಗುವಿನದೇ ಇರಲಿ

ಅಕ್ಕಂದಿರೇ, ಮಗು ಶಾಲೆಯಿಂದ ಬಂದ ಕೂಡಲೆ ನಾವು ಹೇಳುವುದೇನು? "ಬಾಜೂ ಮನೀ ಹುಡುಗಿ ಎಷ್ಟು ಚಂದ ಓದ್ತಾಳ, ನಿನಗ್ಯಾಕ ಬರೂದಿಲ್ಲ?"

ಮಸ್ಕಿಯಲ್ಲಿರುವ ನನ್ನ ತಂಗಿಯ ಮಗಳು ಎರಡನೇ ತರಗತಿ. ದಿನಾ ಈ ಮಾತು ಕೇಳಿ ಕೇಳಿ ಪುಸ್ತಕ ಕಂಡರೇ ಅಳುತ್ತಿದ್ದಳು. ಹೋದಾಗ ಮೆಲ್ಲಗೆ ಕೇಳಿದೆ: "ನಿನಗೇನು ಕಲೀಬೇಕು ಅನಸ್ತದವ್ವಾ?"

"ಬಸ್ಸಿನ ಬೋರ್ಡು ಓದಬೇಕು, ದೊಡ್ಡವ್ವಾ."

ಅದೇ ಗುರಿಯಾಯಿತು. ಮೊದಲ ವಾರ 'ಸಿಂಧನೂರು': ಸೊನ್ನೆ, ಮಹಾಪ್ರಾಣ ಧ. ಮುಂದಿನ ವಾರ 'ಲಿಂಗಸುಗೂರು': ಸು ಹ್ರಸ್ವ, ಗೂ ದೀರ್ಘ. ಕೊನೆಗೆ ತನ್ನೂರು 'ಮಸ್ಕಿ': ಸಕಾರದ ಕೆಳಗೆ ಕ ಒತ್ತು. ಶನಿವಾರ ಬಸ್ ನಿಲ್ದಾಣಕ್ಕೆ ಹೋಗಿ ಓದುವುದು, ಬಂದರೆ ಕ್ಯಾಲೆಂಡರಿನಲ್ಲಿ ತಾನೇ ಚುಕ್ಕೆ ಇಡುವುದು. ಒತ್ತಕ್ಷರಕ್ಕೆ ಮಾತ್ರ ಎರಡು ವಾರ ಹಿಡಿಯಿತು. ಹಿಡಿಯಲಿ ಬಿಡಿ! ಈಗ ಪುಸ್ತಕ ಕಂಡರೆ ಅಳುವುದಿಲ್ಲ.

ಇದೇನೂ ನನ್ನ ಹೊಸ ಉಪಾಯವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ 'ನಲಿ-ಕಲಿ'ಯಲ್ಲಿ ಕಲಿಕೆಯ ಏಣಿ ಇದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲೇ ಏರುತ್ತದೆ.

ನೀವೂ ಮಾಡಿ ನೋಡಿ. ಗುರಿ ಮಗುವಿನ ಬಾಯಿಂದಲೇ ಬರಲಿ. ವಾರಕ್ಕೊಂದೇ ಸಾಕು. 'ಚೆನ್ನಾಗಿ ಓದು' ಎಂಬುದು ಗುರಿಯಲ್ಲ. 'ಐದು ಒತ್ತಕ್ಷರ ಓದು' ಎಂಬುದು ಗುರಿ. ತಪ್ಪಿದರೆ ಬೈಯಬೇಡಿ, ಐದನ್ನು ಮೂರು ಮಾಡಿ. ಹೋಲಿಸಲೇಬೇಕೆಂದರೆ ಹೋದ ವಾರದ ಅವಳೊಂದಿಗೆ ಈ ವಾರದ ಅವಳನ್ನು ಹೋಲಿಸಿರಿ. ಬಾಜೂ ಮನೆಯ ಹುಡುಗಿ ತನ್ನ ಪಾಡಿಗೆ ಓದಿಕೊಳ್ಳಲಿ!