ಶಾಲೆಗೆ ಬಂದ ಸೆನ್ಸರ್ ಪಾಠಕ್ಕೆ ಬರಲಿಲ್ಲ

ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಸ್ಥಾಪಿಸುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಪ್ರಕಟಿಸಿತು. ನೀತಿ ಆಯೋಗದಡಿ 2016ರಲ್ಲಿ ಆರಂಭವಾದ ಈ ಯೋಜನೆಯ ವ್ಯಾಪ್ತಿಗೆ ಅಷ್ಟರಲ್ಲಾಗಲೇ ಸುಮಾರು 10 ಸಾವಿರ ಶಾಲೆಗಳು ಬಂದಿದ್ದವು. ಆಯ್ಕೆಯಾದ ಶಾಲೆಗೆ ಗರಿಷ್ಠ 20 ಲಕ್ಷ ರೂಪಾಯಿ ಅನುದಾನ. ರೋಬಾಟ್ ಬಿಡಿಭಾಗ, ತ್ರೀಡಿ ಪ್ರಿಂಟರ್‌ಗಳ ಜೊತೆಗೆ ಉಷ್ಣತೆ, ಬೆಳಕು, ದೂರವನ್ನು ಅಳೆಯುವ ಸೆನ್ಸರ್‌ಗಳೂ ಈ ಹಣದಲ್ಲಿ ಬರುತ್ತವೆ. ಆದರೆ ಹೊಸ ಆವಿಷ್ಕಾರ, ಸ್ಪರ್ಧೆ, ಮಾದರಿ ತಯಾರಿಕೆಯೇ ಯೋಜನೆಯ ಗುರಿಯಾಗಿರುವುದರಿಂದ ಪಕ್ಕದ ಕೊಠಡಿಯ ವಿಜ್ಞಾನ ಪಾಠಕ್ಕೂ ಈ ಉಪಕರಣಗಳಿಗೂ ನಂಟು ಬೆಳೆಯುವುದು ಕಷ್ಟ.

ಗುಪ್ತೋಷ್ಣದ ಪಾಠವನ್ನೇ ನೋಡಬಹುದು. ಮಂಜುಗಡ್ಡೆಯನ್ನು ಕಾಯಿಸಿ, ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಓದಿ, ನಕ್ಷೆ ಎಳೆಯುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಚರ್ಚೆ ನಾಳೆಗೆ, ಅಂದರೆ ಎಂದಿಗೂ ಇಲ್ಲ. ಸೆನ್ಸರ್ ಸೆಕೆಂಡಿಗೊಮ್ಮೆ ದತ್ತಾಂಶ ದಾಖಲಿಸಿದರೆ ನಕ್ಷೆ ಕಣ್ಣೆದುರೇ ಬೆಳೆಯುತ್ತದೆ. ಉರಿ ಹತ್ತುತ್ತಲೇ ಇರುವಾಗ ಗೆರೆ ಮಾತ್ರ ಮೇಲೇಳದೆ ಮಲಗಿರುವುದೇಕೆಂಬ ಪ್ರಶ್ನೆ ಮಂಜು ಕರಗುತ್ತಿರುವಾಗಲೇ ಮೂಡುತ್ತದೆ. ತಗಡಿನ ಸೂರಿನ ಕೊಠಡಿಯ ಉಷ್ಣತೆಯನ್ನು 24 ಗಂಟೆ ದಾಖಲಿಸುವಂಥ ಪ್ರಯೋಗವಂತೂ ಕೈಯಿಂದ ಆಗುವ ಕೆಲಸವೇ ಅಲ್ಲ.

ಇಲ್ಲೊಂದು ಅಪಾಯವೂ ಇದೆ. ನೀರಿನಲ್ಲಿ ಮುಳುಗಿಸಬಹುದಾದ ಜನಪ್ರಿಯ ಸೆನ್ಸರ್ ಡಿಎಸ್18ಬಿ20 ಡಿಗ್ರಿಯ ಹದಿನಾರನೇ ಒಂದು ಭಾಗದಷ್ಟು ಸೂಕ್ಷ್ಮ ಅಂಕೆಗಳನ್ನು ತೋರಿಸುತ್ತದೆ. ಆದರೆ ಆ ಅಂಕೆಯೇ ಅರ್ಧ ಡಿಗ್ರಿಯವರೆಗೆ ತಪ್ಪಿರಬಹುದು. ಸೊನ್ನೆ ಡಿಗ್ರಿಯಲ್ಲಿ ಕರಗಬೇಕಾದ ಮಂಜುಗಡ್ಡೆ ಪರದೆಯ ಮೇಲೆ 0.4ರಲ್ಲಿ ಕರಗಿದರೆ ತಪ್ಪಿದ್ದು ಪುಸ್ತಕವೇ, ಯಂತ್ರವೇ? ನಿಜವಾದ ವಿಜ್ಞಾನದ ಪಾಠ ಇದೇ. ಇದನ್ನು ಕೇಳುವ ಶಿಕ್ಷಕರಿಲ್ಲದಿದ್ದರೆ ಪರದೆಯನ್ನು ನಂಬುವ ಅಭ್ಯಾಸವಷ್ಟೇ ಉಳಿಯುತ್ತದೆ. ಕೈಯಾರೆ ನಕ್ಷೆ ಎಳೆಯದವನಿಗೆ ಪರದೆಯ ನಕ್ಷೆಯೂ ಒಂದು ಚಿತ್ರವಷ್ಟೇ.

ದುಡ್ಡಿನ ಕೊರತೆಯನ್ನು ದೂರುವಂತಿಲ್ಲ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ‘ಎಕ್ಸ್‌ಪ್‌ಐಸ್’ ಉಪಕರಣ ಕೆಲವೇ ಸಾವಿರ ರೂಪಾಯಿಯದು; ಅದರ ತಂತ್ರಾಂಶ ಉಚಿತ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದ ‘ಫೈಫಾಕ್ಸ್’ ಆ್ಯಪ್ 2016ರಿಂದಲೂ ಉಚಿತವಾಗಿದ್ದು, ಶಿಕ್ಷಕರ ಮೊಬೈಲ್ ಫೋನನ್ನೇ ಅಳತೆಯ ಸಾಧನವಾಗಿಸುತ್ತದೆ.

ತೊಡಕಿರುವುದು ಪರೀಕ್ಷೆಯಲ್ಲಿ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ. ಅಳತೆಯ ದೋಷವೆಲ್ಲಿದೆ ಎಂದು ಹುಡುಕುವ ಒಂದು ಪ್ರಶ್ನೆ ಆ 80ರೊಳಗೆ ಪ್ರತಿ ವರ್ಷ ಖಚಿತವಾಗಿ ಬಂದರೆ ಲ್ಯಾಬ್‌ನ ಬೀಗ ತಾನಾಗಿ ತೆರೆಯುತ್ತದೆ. ನಿರ್ವಹಣೆಯ ಮಾತೂ ಬಾಕಿಯಿದೆ. ಟಿಂಕರಿಂಗ್ ಲ್ಯಾಬ್‌ನ ನಿರ್ವಹಣಾ ಅನುದಾನ ಗರಿಷ್ಠ ಐದು ವರ್ಷ ಮಾತ್ರ. ಮೊದಲ ಕಂತಿನ ಶಾಲೆಗಳಿಗೆ ಆ ಅವಧಿ ಎಂದೋ ಮುಗಿದಿದೆ. ಅಲ್ಲಿ ಕೆಟ್ಟುಹೋದ ನೂರಿನ್ನೂರು ರೂಪಾಯಿಯ ಸೆನ್ಸರ್ ಬದಲಿಸಲು ಯಾವ ಖಾತೆಯಿಂದ ಹಣ ತೆಗೆಯಬೇಕೆಂಬುದನ್ನು ಶಿಕ್ಷಣ ಇಲಾಖೆ ಮೊದಲು ತಿಳಿಸಲಿ.