ಹಣೆಬರಹ ಅಲ್ಲ, ಪೈಪಿನ ಬರಹ

ನಮ್ಮೂರಲ್ಲಿ ಯಾರಾದ್ರೂ ಅಕಾಲದಲ್ಲಿ ಹೋದರೆ ‘ಅವರ ಆಯಸ್ಸು ಅಷ್ಟೇ ಇತ್ತು’ ಅಂತಿದ್ರು. ಬೆಂಗಳೂರಿಗೆ ಬಂದ ಮೇಲೆ ಅದೇ ಮಾತು ಬೇರೆ ವೇಷದಲ್ಲಿ ಕೇಳಿಸುತ್ತೆ: ‘ಅವರ ಲೈಫ್‌ಸ್ಟೈಲೇ ಸರಿ ಇರಲಿಲ್ಲ.’ ಎರಡೂ ಮಾತಿನ ಕೆಲಸ ಒಂದೇ. ಸತ್ತವನ ತಲೆಗೆ ಕಟ್ಟಿ ಮುಂದಿನ ಪ್ರಶ್ನೆಯ ಬಾಯಿ ಮುಚ್ಚಿಸೋದು.

ಇದಕ್ಕೆ ಉತ್ತರ ವಿಕ್ಟೋರಿಯಾ ರಾಣಿ ಕಾಲದ ದಕ್ಷಿಣ ಲಂಡನ್ನಿನಲ್ಲಿದೆ. 1854ರಲ್ಲಿ ಅಲ್ಲಿ ಕಾಲರಾ ಬಂತು. ಬಡವರ ಕೊಳಕು, ಕುಡಿತ, ಕೆಟ್ಟ ಗಾಳಿ ಇದಕ್ಕೆ ಕಾರಣ ಅಂತ ದೊಡ್ಡವರು ಹೇಳ್ತಿದ್ರು. ಜಾನ್ ಸ್ನೋ ಅನ್ನೋ ಡಾಕ್ಟರು ಸಾವಾದ ಮನೆಗಳಿಗೆ ಹೋಗಿ ಕೇಳಿದ್ದು ಬೇರೆ: ನಿಮ್ಮನೆಗೆ ನೀರು ಯಾವ ಕಂಪನಿದು?

ಒಂದೇ ಬೀದಿಯಲ್ಲಿ ಎರಡು ಕಂಪನಿಗಳ ಪೈಪು. ಲ್ಯಾಂಬೆತ್ ಕಂಪನಿ 1852ರಲ್ಲೇ ಊರ ಕೊಳಚೆ ತಲುಪದಷ್ಟು ಮೇಲೆ, ಥೇಮ್ಸ್ ಡಿಟ್ಟನ್‌ನಿಂದ ನೀರೆತ್ತಲು ಶುರುಮಾಡಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಬ್ಯಾಟರ್ಸಿಯಲ್ಲೇ, ಲಂಡನ್ನಿನ ಚರಂಡಿ ಸೇರಿದ ನೀರನ್ನೇ ಎತ್ತುತ್ತಿತ್ತು. ಅಕ್ಕಪಕ್ಕದ ಮನೆ, ಅದೇ ಬಡತನ, ಅದೇ ಗಾಳಿ. ನಾವು ಆಫೀಸಲ್ಲಿ ಮಾಡೋ ಎ/ಬಿ ಟೆಸ್ಟ್ ಕೂಡ ಇಷ್ಟು ಶುದ್ಧವಾಗಿರಲ್ಲ. ಮೊದಲ ಏಳು ವಾರದಲ್ಲಿ ಪ್ರತಿ 10,000 ಮನೆಗೆ ಸತ್ತವರು: ಲ್ಯಾಂಬೆತ್ ನೀರಿನವರು 37, ಇನ್ನೊಂದರವರು 315.

ಬಾಡಿಗೆಯವರಲ್ಲಿ ಎಷ್ಟೋ ಜನಕ್ಕೆ ತಮ್ಮ ಕಂಪನಿ ಯಾವುದಂತಲೇ ಗೊತ್ತಿರಲಿಲ್ಲ. ನೀರಿನ ದುಡ್ಡು ಕಟ್ಟುತ್ತಿದ್ದವನು ಮನೆ ಮಾಲೀಕ. ಸ್ನೋ ನೀರಿನ ಉಪ್ಪಿನಂಶ ಪರೀಕ್ಷಿಸಿ ಪತ್ತೆ ಮಾಡಬೇಕಾಯ್ತು. ಹೇಳಿ, ಇದರಲ್ಲಿ ಲೈಫ್‌ಸ್ಟೈಲ್ ಎಲ್ಲಿ ಬಂತು?

ನನಗೆ ನಿಜವಾಗಿ ಸಿಟ್ಟು ಬರೋದು ಇನ್ನೊಂದಕ್ಕೆ. ನೀರೆತ್ತುವ ಜಾಗ ಬದಲಿಸಿ ಅಂತ 1852ರಲ್ಲೇ ಕಾನೂನು ಆಗಿತ್ತು. ಗಡುವು 1855ರ ಆಗಸ್ಟ್. ಅಂದ್ರೆ 1854ರಲ್ಲಿ ಆ ಕಂಪನಿ ಗಡುವು ಮೀರಿರಲಿಲ್ಲ, ಟೈಮ್ ಇನ್ನೂ ಒಂದು ವರ್ಷ ಬಾಕಿ ಇತ್ತು. ಆ ಏಳು ವಾರದಲ್ಲಿ ಅದರ ನೀರು ಹೋದ ಮನೆಗಳಲ್ಲಿ ಸತ್ತವರು 1,263 ಜನ. ಡೆಡ್‌ಲೈನ್ ಅನ್ನೋ ಪದವನ್ನ ದಿನಕ್ಕೆ ಹತ್ತು ಸಲ ಬಳಸೋ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು.

ಒಳ್ಳೆ ಅಭ್ಯಾಸ ಬೇಡ ಅಂತ ನಾನು ಹೇಳ್ತಿಲ್ಲ. ಕೈ ತೊಳೀಬೇಕು, ನಿಜ. ತೊಳೆಯೋ ನೀರೇ ಕೊಳಚೆಯಾದ್ರೆ?

ಮುಂದಿನ ಸಲ ಯಾರಾದ್ರೂ ‘ಆಯಸ್ಸು ಅಷ್ಟೇ ಇತ್ತು’ ಅಂದ್ರೆ ತಲೆಯಾಡಿಸಬೇಡಿ. ಪೈಪು ಯಾರದು, ಗಡುವು ಕೊಟ್ಟವರು ಯಾರು ಅಂತ ಕೇಳಿ.