ಮೆಡಿಕಲ್ ಶಾಪಿಗೆ ಡಿ.ಫಾರ್ಮ್ ಸಾಕು, ಹಾಗಾದ್ರೆ ಎಂ.ಫಾರ್ಮ್ ಯಾರಿಗೆ ಬೇಕು?

ಹುಲಿಕಲ್: ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಮನೆ ಮಗನೋ ಮಗಳೋ ಬಿ.ಫಾರ್ಮ್ ಮುಗಿಸಿದರೆ ಕೇಳಿಬರುವ ಮಾತು ಒಂದೇ. "ಅಂಗಡಿ ಇಡೋಕೆ ಡಿ.ಫಾರ್ಮ್ ಸಾಕು. ಇನ್ನೂ ಎರಡು ವರ್ಷ ಓದಿ ಎಂತ ಮಾಡ್ತೀಯ?"

ಮಾತು ಸುಳ್ಳಲ್ಲ. ಔಷಧ ಅಂಗಡಿಯಲ್ಲಿ ಕೂರಲು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು, ಅದಕ್ಕೆ ಡಿಪ್ಲೊಮಾ ಸಾಲುತ್ತೆ. ಆದರೆ ಎಂ.ಫಾರ್ಮ್ ಓದು ಚೆನ್ನಾಗಿದ್ದರೆ ಅದರ ಲಾಭ ಓದಿದವನಿಗೆ ಮಾತ್ರ ಅಲ್ಲ, ನಮ್ಮೂರ ಜ್ವರಕ್ಕೂ ಇದೆ.

ಜ್ವರ ಬಂದರೆ ಮೊದಲು ಮೆಡಿಕಲ್

ಡಿಸೆಂಬರ್‌ನಿಂದ ಮೇ ತನಕ ಘಟ್ಟದ ಮೇಲೆ ಮಂಗನ ಕಾಯಿಲೆ ಭಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಈ ರೋಗ 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಸಾವುಗಳನ್ನೇ ತಂದಿತು. ಇದಕ್ಕೆ ಅಂತಲೇ ಇರುವ ಔಷಧ ಇವತ್ತಿಗೂ ಇಲ್ಲ.

ಕಾಡಿಗೆ ತರಗೆಲೆ ತರಲು ಹೋಗಿ ಬಂದವರಿಗೆ ಮೈಕೈ ನೋವು, ಜ್ವರ ಶುರುವಾದರೆ ಮೊದಲು ಹೋಗೋದು ಹತ್ತಿರದ ಮೆಡಿಕಲ್‌ಗೆ. "ಜ್ವರಕ್ಕೆ, ನೋವಿಗೆ ಒಂದು ಮಾತ್ರೆ ಕೊಡಿ" ಅಂತಾರೆ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇರುತ್ತೆ. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ಆ ಅಪಾಯವನ್ನು ಹೆಚ್ಚಿಸಬಹುದು. ಆಗ ಕೌಂಟರ್ ಹಿಂದೆ ನಿಂತವರಿಗೆ "ಕಾಡಿಗೆ ಹೋಗಿದ್ರಾ?" ಅಂತ ಕೇಳೋದು ಗೊತ್ತಿರಬೇಕು.

ಅದನ್ನು ಕಲಿಸೋರು ಯಾರು? ಫಾರ್ಮಸಿ ಕಾಲೇಜಿನ ಮೇಷ್ಟ್ರು. ಬಿ.ಫಾರ್ಮ್ ತರಗತಿಗೆ ಲೆಕ್ಚರರ್ ಆಗಬೇಕಾದರೆ ಸಾಮಾನ್ಯವಾಗಿ ಎಂ.ಫಾರ್ಮ್ ಬೇಕು. ಮೇಷ್ಟ್ರ ಓದು ಬರೀ ಪುಸ್ತಕದ್ದಾದರೆ ಶಿಷ್ಯನ ಅಂಗಡಿಯೂ ಹಾಗೇ ಇರುತ್ತೆ.

ಒಂದು ವರ್ಷದ ಸಂಶೋಧನೆ ಎಲ್ಲಿಗೆ?

ಫಾರ್ಮಸಿ ಕೌನ್ಸಿಲ್ 2014ರಲ್ಲಿ ತಂದ ನಿಯಮದ ಪ್ರಕಾರ ಎಂ.ಫಾರ್ಮ್ ನಾಲ್ಕು ಸೆಮಿಸ್ಟರ್. ಕೊನೆಯ ಎರಡು ಸೆಮಿಸ್ಟರ್ ಹೆಚ್ಚುಕಡಿಮೆ ಪೂರ್ತಿ ಸಂಶೋಧನೆ. ಅಂದರೆ ಪ್ರತಿ ವಿದ್ಯಾರ್ಥಿ ಒಂದು ವರ್ಷ ಒಂದೇ ಪ್ರಶ್ನೆ ಹಿಡಿದು ಕೂರಬೇಕು. ಪ್ರಶ್ನೆ ಲ್ಯಾಬ್ ಒಳಗೇ ಹುಟ್ಟಿ ಅಲ್ಲೇ ಮುಗಿದರೆ, ಬೈಂಡ್ ಮಾಡಿದ ಪ್ರಬಂಧ ಕಪಾಟು ಸೇರುತ್ತೆ, ಅಷ್ಟೇ.

ಪ್ರಶ್ನೆಗೆ ಇಲ್ಲಿ ಬರವಿಲ್ಲ. ಮಂಗನ ಕಾಯಿಲೆ ಸೀಸನ್‌ನಲ್ಲಿ ತಾಲೂಕಿನ ಅಂಗಡಿಗಳಿಂದ ಯಾವ ಮಾತ್ರೆ ಎಷ್ಟು ಹೋಗುತ್ತೆ? ಉಪ್ಪಾಗೆ, ಮುರುಗಲಿನ ಸತ್ವ ಔಷಧವಾಗಿ ನಿಲ್ಲುತ್ತಾ? ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕ ಅಂದಿದೆ. ತೋಟ ನಂಬಿದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಇದಕ್ಕೆ ವೇದಿಕೆ ಭಾಷಣ ಉತ್ತರ ಅಲ್ಲ, ಲ್ಯಾಬ್‌ನ ಲೆಕ್ಕ ಬೇಕು.

ಹುಲಿಕಲ್ ಘಾಟಿ ಇಳಿದರೆ ಮಣಿಪಾಲದ ದಾರಿ. ಅಲ್ಲಿ 1963ರಿಂದ ಫಾರ್ಮಸಿ ಕಾಲೇಜಿದೆ. ಮಂಗನ ಕಾಯಿಲೆ ಜೋರಾದವರನ್ನು ಕಳಿಸೋದೂ ಮಣಿಪಾಲಕ್ಕೇ. ಶಿವಮೊಗ್ಗದಲ್ಲೂ ಫಾರ್ಮಸಿ ಕಾಲೇಜಿದೆ. ರೋಗಿ ಘಾಟಿ ಇಳಿಯೋ ಬದಲು ವಿದ್ಯಾರ್ಥಿ ಘಾಟಿ ಹತ್ತಬೇಕು. ಸಂಶೋಧನೆಯ ವರ್ಷದಲ್ಲಿ ಕೆಲವು ತಿಂಗಳಾದರೂ ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಕಡ್ಡಾಯ ಮಾಡಿದರೆ ಹೊಸ ಕಟ್ಟಡದ ಖರ್ಚಿಲ್ಲದೆ ಓದು ಸುಧಾರಿಸುತ್ತೆ.

ದುಡ್ಡಿನ ಮಾತು

ಜಿಪ್ಯಾಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಫಾರ್ಮ್ ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ ಇಟ್ಟಿದೆ, ಹೆಚ್ಚೆಂದರೆ 24 ತಿಂಗಳು. ಪೂರ್ತಿ ಸಿಕ್ಕರೆ 2,97,600 ರೂ. ಆದರೆ ಎಲ್ಲ ಕಾಲೇಜಿಗೂ ಇದು ಅನ್ವಯಿಸಲ್ಲ. ಫೀಸ್ ಕಟ್ಟೋ ಮೊದಲು ಮೂರು ಪ್ರಶ್ನೆ ಕೇಳಿ: ಈ ಕಾಲೇಜಿಗೆ ಜಿಪ್ಯಾಟ್ ವೇತನ ಬರುತ್ತಾ? ಸಂಶೋಧನೆ ಯಾವ ಆಸ್ಪತ್ರೆ, ಯಾವ ಕಂಪನಿಯಲ್ಲಿ? ಗೈಡ್ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು?

ಅಂಗಡಿಯವರಿಗೂ ಒಂದು ಕೆಲಸ ಇದೆ. ಮಾತ್ರೆ ತಗೊಂಡವರಿಗೆ ಅಡ್ಡಪರಿಣಾಮ ಆದರೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದಾಖಲಿಸಬಹುದು. ಇಲ್ಲಿಂದ ಮಾಹಿತಿ ಹೋದರೆ ತಾನೇ ಓದೋರಿಗೆ ನಮ್ಮೂರು ಕಾಣೋದು?